ಹೊಳೆಯಾಚೆಯ ರಾಜನನ್ನು ಕೊಂದ ಮೇಲೆ

ಹೊಳೆಯಾಚೆಯ ರಾಜನನ್ನು ಕೊಂದರೆ ಯುದ್ಧ ಬೇಗ ಮುಗಿಯುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ನಮ್ಮ ದೊಡ್ಡಾಟದ ಮೇಳ ಒಡೆದು ಎರಡಾಗುವುದರಲ್ಲಿತ್ತು. ಆಟ ಬರೆದು ಕಲಿಸುತ್ತಿದ್ದ ಮಾಸ್ತರ ನಾನು. ಮುಗಿಯುವುದಿಲ್ಲ ಎಂದವನೂ ನಾನೇ. ಮುಗಿದೇ ತೀರಬೇಕು ಎಂದು ಹಟ ಹಿಡಿದವರು ಮೇಳದ ಯಜಮಾನರಾದ ಸಾಹುಕಾರರು. ಈಚೆ ದಡದ ರಾಜನ ಪಾತ್ರವೂ ಅವರದೇ. ಅವರ ಮಾತಿಗೆ ಅವರ ಊರಾದ ಮೋಟೆಬೆನ್ನೂರಿನಲ್ಲಿ ಎದುರಾಡುವವರು ಕಡಿಮೆ. ನನಗಾದರೋ ಎದುರಾಡದಿದ್ದರೆ ಉಂಡ ಅನ್ನ ಕರಗುವುದಿಲ್ಲ.

ನಾನು ಕರ್ಜಗಿಯವನು. ಸುಗ್ಗಿ ಮುಗಿದ ಮೇಲೆ ಸುತ್ತಲಿನ ಊರುಗಳ ಒಕ್ಕಲಿಗರಿಗೆ, ಅಂಗಡಿಕಾರರಿಗೆ ದೊಡ್ಡಾಟ ಕಲಿಸುವುದು ನನ್ನ ಕೆಲಸ. ಆ ವರ್ಷ ಹಾವೇರಿಯ ಒಂದು ಉತ್ಸವದವರು ನಮ್ಮ ಮೇಳವನ್ನು ಕರೆದಿದ್ದರು. ಹಳೆಯ ಪ್ರಸಂಗ ಬೇಡ, ಹೊಸದೇನಾದರೂ ತನ್ನಿ ಎಂಬುದು ಅವರ ಷರತ್ತು. ಹೊಸ ಪ್ರಸಂಗ ಬರೆಯುವ ಆಸೆ ನನಗೆ ಎಷ್ಟೋ ವರ್ಷದಿಂದ ಇತ್ತು. ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ನಾನು ಕಟ್ಟಿದ ಕಥೆ ಸರಳವಾದದ್ದು. ಹೊಳೆಯ ಎರಡು ದಂಡೆಗೆ ಇಬ್ಬರು ರಾಜರು. ದೋಣಿಗಟ್ಟ ಯಾರದು ಎಂಬ ಜಗಳ ಯುದ್ಧಕ್ಕೆ ಹೋಗುತ್ತದೆ. ವರ್ಷ ಕಳೆದರೂ ಗೆಲುವೂ ಇಲ್ಲ, ಸೋಲೂ ಇಲ್ಲ. ಬೇಸತ್ತ ಈಚೆಯ ರಾಜ ತನ್ನ ಗೂಢಚಾರನನ್ನು ಎಲೆಅಡಿಕೆ ಮಾರುವವನ ವೇಷದಲ್ಲಿ ಕಳಿಸಿ, ಆಚೆಯ ರಾಜನನ್ನು ಅವನ ಡೇರೆಯಲ್ಲೇ ಕೊಲ್ಲಿಸುತ್ತಾನೆ. ಇಷ್ಟು ಮೊದಲರ್ಧ. ಉಳಿದರ್ಧದಲ್ಲಿ ಯುದ್ಧ ನಿಲ್ಲುವ ಬದಲು ಇನ್ನಷ್ಟು ಉರಿಯುತ್ತದೆ. ಕೊನೆಗೆ ಈಚೆಯ ರಾಜ ಬರಿಗೈಲಿ ತಾನೇ ಹೊಳೆ ದಾಟಿ ಹೋಗುತ್ತಾನೆ.

ದೊಡ್ಡಾಟ ನೋಡದವರಿಗೆ ಅದರ ಕಟ್ಟುಪಾಡು ಸ್ವಲ್ಪ ಹೇಳಬೇಕು. ಇಬ್ಬರು ಹಿಡಿದ ತೆರೆಯ ಹಿಂದೆ ಪಾತ್ರ ಬಂದು ನಿಲ್ಲುತ್ತದೆ. ತೆರೆ ಸರಿದ ಮೇಲೆ ಸಾರಥಿ ಎಂಬವನು ‘ತಾವು ಯಾರು, ತಮ್ಮ ಪಟ್ಟಣ ಯಾವುದು’ ಎಂದು ಕೇಳುತ್ತಾನೆ. ಆಗ ಪಾತ್ರ ತನ್ನ ಹೆಸರು, ಬಿರುದು, ಬಲವನ್ನೆಲ್ಲ ಹೇಳಿಕೊಂಡು ಕುಣಿಯುತ್ತದೆ. ಸಾರಥಿ ಒಬ್ಬನೇ, ಎರಡೂ ಪಕ್ಷದ ರಾಜರನ್ನು ಅವನೇ ಮಾತಾಡಿಸಬೇಕು. ನಮ್ಮ ಮೇಳದಲ್ಲಿ ನನ್ನ ಗುರುಗಳ ಕಾಲದಿಂದ ಬಂದ ಇನ್ನೆರಡು ರೂಢಿಗಳಿವೆ. ಸತ್ತ ಪಾತ್ರಧಾರಿ ಎದ್ದು ಒಳಗೆ ಹೋಗುವಂತಿಲ್ಲ. ರಂಗದ ಅಂಚಿನಲ್ಲೇ ಮಲಗಿರಬೇಕು, ಮೇಲೊಂದು ಬಟ್ಟೆ ಹೊದಿಸುತ್ತೇವೆ. ಕೊನೆಗೆ ಮಾಸ್ತರ ತಾಳ ಹಾಕಿ ಮಂಗಳ ಎತ್ತಿದಾಗ ಸತ್ತವರೆಲ್ಲ ಎದ್ದು, ಕೊಂದವರ ಪಕ್ಕದಲ್ಲೇ ನಿಂತು ಹಾಡಬೇಕು. ಮಂಗಳವಾಗುವ ತನಕ ಯಾರೂ ಕಿರೀಟ ಕಳಚುವಂತಿಲ್ಲ.

ತಾಲೀಮು ನಡೆಯುತ್ತಿದ್ದದ್ದು ಸಾಹುಕಾರರ ಗೋದಾಮಿನಲ್ಲಿ. ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ, ಮನೆ, ಗೋದಾಮು ಎರಡೂ ಮೋಟೆಬೆನ್ನೂರಿನಲ್ಲಿ. ಚೀಲಗಳನ್ನು ಗೋಡೆಗೆ ಒಟ್ಟಿ ನಡುವೆ ಜಾಗ ಮಾಡಿಕೊಳ್ಳುತ್ತಿದ್ದೆವು. ಕುಣಿತ ಜೋರಾದರೆ ನೆಲದ ಪುಡಿ ಎದ್ದು ಮದ್ದಳೆಯವನಿಂದ ಹಿಡಿದು ಮಹಾರಾಜರ ತನಕ ಎಲ್ಲರಿಗೂ ಸೀನು. ಹಾರ್ಮೋನಿಯಂ ಶ್ರುತಿ ಹಿಡಿದರೆ ಹಾಡುವವನ ಗಂಟಲು ಹಿಡಿಯುತ್ತಿತ್ತು. ಸಾರಥಿಯ ಪಾತ್ರದವನಿಗೆ ಹೈವೇ ಪಕ್ಕದಲ್ಲಿ ಚಹಾದಂಗಡಿ. ಅವನು ತರುತ್ತಿದ್ದ ಶುಂಠಿ ಚಹಾದಿಂದಲೇ ನಮ್ಮ ಕಂಠ ಉಳಿದದ್ದು.

ಹೊಳೆಯಾಚೆಯ ರಾಜನ ಪಾತ್ರಧಾರಿ ಊರಿನ ಮುಸಲ್ಮಾನರ ಮನೆಯವನು. ಹೊಳೆದಂಡೆಯಲ್ಲಿರುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಉರ್ದು ಮಾತಾಡುವ ಈ ಮನುಷ್ಯ ರಂಗದ ಮೇಲೆ ನಿಂತು ‘ಎಲೈ ಸಾರಥಿ’ ಎಂದು ಆಟದ ಮಾತಾದ ವಚನ ಶುರು ಮಾಡಿದರೆ, ನಮ್ಮಲ್ಲಿ ಅಷ್ಟು ಹಸನಾದ ಗ್ರಾಂಥಿಕ ಕನ್ನಡ ಇನ್ನೊಬ್ಬರ ಬಾಯಲ್ಲಿ ಇರಲಿಲ್ಲ. ಹಗಲೆಲ್ಲ ಹೊಳೆಯ ದಂಡೆಯ ಮೇಲೆ ದುಡಿದು ಸಂಜೆ ಹೊಳೆಯಾಚೆಯ ರಾಜನಾಗುತ್ತಾನೆ ಎಂದು ಎಲ್ಲರೂ ಅವನನ್ನು ಕಾಡಿಸುತ್ತಿದ್ದರು.

ತಾಲೀಮು ಹದಕ್ಕೆ ಬರುತ್ತಿದ್ದಾಗಲೇ ಗಡಿಯಲ್ಲಿ ಗುಂಡಿನ ಕಾಳಗ ಶುರುವಾಯಿತು. ಸಾಹುಕಾರರ ಒಬ್ಬನೇ ಮಗ ಸೈನ್ಯದಲ್ಲಿದ್ದ, ಅದೂ ಗಡಿಯ ಹತ್ತಿರ. ಮೊದಲ ದಿನ ಅವನ ಫೋನು ಬಂತು, ಚೆನ್ನಾಗಿದ್ದೇನೆ ಎಂದ. ಆಮೇಲೆ ಫೋನು ಹತ್ತಲೇ ಇಲ್ಲ. ಸಾಹುಕಾರರು ಅಂಗಡಿಯಲ್ಲೂ ಮನೆಯಲ್ಲೂ ಟಿವಿಯ ಮುಂದೆಯೇ ಕೂರತೊಡಗಿದರು. ಅದರಲ್ಲಿ ದೂರದ ದೇಶದ ಯುದ್ಧವೊಂದರಲ್ಲಿ ಎದುರಾಳಿ ನಾಯಕನನ್ನು ಅವನು ಅಡಗಿದ್ದ ಮನೆಯಲ್ಲೇ ಹೊಡೆದು ಹಾಕಿದ್ದನ್ನು ತಿರುಗಾಮುರುಗಾ ತೋರಿಸುತ್ತಿದ್ದರು. ನಮ್ಮವರೂ ಹೀಗೇ ಮಾಡಬೇಕು, ಆಗ ಬೆಳಗಾಗುವುದರೊಳಗೆ ಯುದ್ಧ ಮುಗಿಯುತ್ತದೆ ಎಂದು ಟಿವಿಯ ಚರ್ಚೆಗೆ ಕೂತವರೆಲ್ಲ ಕೂಗಾಡುತ್ತಿದ್ದರು.

ಒಂದು ಸಂಜೆ ಸಾಹುಕಾರರು ಗೆಜ್ಜೆ ಕಟ್ಟಿಕೊಳ್ಳಲಿಲ್ಲ. ಚೀಲದ ಮೇಲೆ ಕೂತು, ಆಟವನ್ನು ಆಚೆಯ ರಾಜ ಸಾಯುವಲ್ಲಿಗೆ ಮುಗಿಸಿ ಮಂಗಳ ಹಾಡಿಬಿಡಿ ಎಂದರು. ಅಲ್ಲಿಗೆ ಮುಗಿದರೆ ಅದು ನನ್ನ ಆಟವೇ ಅಲ್ಲ ಎಂದೆ. ಅವರು ರೇಗಿದರು. ನಾನೂ ರೇಗಿದೆ. ಮೇಳದ ಹುಡುಗರು ಸಾಹುಕಾರರ ಕಡೆ ವಾಲಿದ್ದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಸಾಹುಕಾರರಿಗೆ ಅವರದೇ ಅನುಭವ ನೆನಪಿಸಿದೆ. ಪ್ರಾಯದಲ್ಲಿ ಅವರಿಗೆ ರಾಣೆಬೆನ್ನೂರಿನ ಒಂದು ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಪಾಲಿತ್ತು. ಕೆಲಸಗಾರರು ಮುಷ್ಕರ ಹೂಡಿದಾಗ ಪಾಲುದಾರರೆಲ್ಲ ಸೇರಿ, ಅವರ ಮುಖಂಡ ಒಬ್ಬ ತೊಲಗಿದರೆ ಎಲ್ಲ ತಣ್ಣಗಾಗುತ್ತದೆಂದು ಅವನ ಮೇಲೆ ಫಿರ್ಯಾದು ಕೊಟ್ಟು ಒಳಗೆ ಹಾಕಿಸಿದರು. ಮರುದಿನದಿಂದ ಪರಿಸ್ಥಿತಿ ಮತ್ತೂ ಕೆಟ್ಟಿತು. ಮಾತುಕತೆಗೆ ಬನ್ನಿ ಎಂದರೆ ಬರುವವರೇ ಇಲ್ಲ. ಬರಲು ಹೊರಟವನನ್ನು ಉಳಿದವರು ‘ಮಾಲಕರ ಮನುಷ್ಯ’ ಎಂದು ಹಳಿಯುತ್ತಿದ್ದರು. ಅಂಗಳದ ಹತ್ತಿ ಮಳೆಗೆ ನೆನೆದು ಹೋಯಿತು. ಕೊನೆಗೆ ಪಾಲುದಾರರೇ ಮುಖಂಡನನ್ನು ಬಿಡಿಸಿಕೊಂಡು ಬಂದರು. ಅವನು ಗೇಟಿನ ಮುಂದೆ ನಿಂತು ನಡೆಯಿರಿ ಒಳಗೆ ಎಂದ ಮೇಲೆಯೇ ಯಂತ್ರ ತಿರುಗಿದ್ದು.

“ಅವಂಗ ಜಾಮೀನ ಆದಾವ್ರು ನೀವ ಅಲ್ಲೇನ್ರಿ ಸಾವಕಾರ್ರ?” ಎಂದು ಕೇಳಿದೆ.

“ಜಿನ್ನ ಬ್ಯಾರೆ, ಯುದ್ಧ ಬ್ಯಾರೆ,” ಎಂದರು ಅವರು. “ಯುದ್ಧ ಹಚ್ಚಿದಾವ ಡೇರೇದಾಗ ಹಾಲು ಕುಡದು ಮಲಗಬೇಕು, ಎರಡೂ ದಂಡೀ ಹುಡುಗ್ರು ಹೆಣ ಆಗಬೇಕು, ಇದ್ಯಾವ ನ್ಯಾಯ ಐತ್ರಿ ಮಾಸ್ತರ? ಹಚ್ಚಿದಾವ ಒಬ್ಬಾವ ಸಾಯಲಿ. ಸಾವಿರ ಮಂದಿ ಉಳೀತಾರ. ನನ್ನ ಮಗಾನೂ ಉಳೀತಾನ.”

ಯುದ್ಧ ಹಚ್ಚಿದವನು ಬದುಕಿರಬೇಕು, ಕಳಿಸಿದಲ್ಲಿಗೆ ಹೋದವನು ಸಾಯಬೇಕು ಎಂಬುದು ಯಾವ ಲೆಕ್ಕದಲ್ಲೂ ನ್ಯಾಯವಲ್ಲ. ಆದರೆ ಅವರು ನ್ಯಾಯ ಕೇಳುತ್ತಿರಲಿಲ್ಲ, ಮಗ ಬೇಗ ಮನೆಗೆ ಬರಲಿ ಎನ್ನುತ್ತಿದ್ದರು. ಕೊಂದರೆ ಅವನು ಬೇಗ ಬರುತ್ತಾನೆ ಎಂದು ರಂಗದ ಮೇಲೆ ಆಡಿ ತೋರಿಸು ಎಂದು ನನ್ನನ್ನು ಒತ್ತಾಯಿಸುತ್ತಿದ್ದರು. ಸುಳ್ಳು ಎಂದು ಗೊತ್ತಿರುವುದನ್ನು ತಾಳ ಹಾಕಿ ಹಾಡಲು ನನ್ನಿಂದ ಆಗುತ್ತಿರಲಿಲ್ಲ.

ಆ ವಾರವೇ ಹಾವೇರಿಯಿಂದ ಫೋನು ಬಂತು. ಆಟಕ್ಕೆ ಎರಡೂವರೆ ತಾಸು ಮಾತ್ರ, ಅದೂ ಸಂಜೆಯ ಹೊತ್ತು, ನಮ್ಮ ಹಿಂದೆ ಇನ್ನೊಂದು ಮೇಳ ಇದೆ ಎಂದರು. ಬೆಳತನಕ ಆಡುವ ಆಟವನ್ನು ಎರಡೂವರೆ ತಾಸಿಗೆ ಇಳಿಸುವುದೆಂದರೆ ಎತ್ತನ್ನು ಬುಟ್ಟಿಯಲ್ಲಿ ಕೂರಿಸಿದ ಹಾಗೆ. ಸಾಹುಕಾರರಿಗೆ ಇದು ಅನುಕೂಲವೇ ಆಯಿತು. ನಿಮ್ಮ ಉಳಿದರ್ಧ ಅಷ್ಟರಲ್ಲಿ ಹಿಡಿಯುವುದೇ ಇಲ್ಲ, ಇನ್ನೇನು ಹೇಳುತ್ತೀರಿ ಎಂದರು. ನಾನು ತಾಳವನ್ನು ಚೀಲಕ್ಕೆ ಹಾಕಿಕೊಂಡು ಬೈಕು ಹತ್ತಿದೆ. ಎರಡು ದಿನಕ್ಕೆ ಸಾರಥಿ ಫೋನು ಮಾಡಿ, ರಾಣೆಬೆನ್ನೂರಿನ ಇನ್ನೊಬ್ಬ ಮಾಸ್ತರರನ್ನು ಸಾಹುಕಾರರು ಕೇಳಿ ನೋಡುತ್ತಿದ್ದಾರೆ ಎಂದ. ಕರೆದುಕೊಳ್ಳಲಿ, ನನ್ನ ಹಾಡುಗಳನ್ನು ಮಾತ್ರ ಮುಟ್ಟಕೂಡದು ಎಂದು ಹೇಳಿಟ್ಟೆ. ನಾನು ಬರೆದ ಮೊದಲ ಪ್ರಸಂಗ ಅದು. ನನ್ನ ಕಣ್ಣೆದುರಿಗೇ ಅದರ ಅರ್ಧವನ್ನು ಕತ್ತರಿಸಿ ಹಾಕುವವರಿದ್ದರು.

ವಾರದ ರಜೆಯ ದಿನ ಹೊಳೆಯಾಚೆಯ ರಾಜ ಕರ್ಜಗಿಗೆ ಬಂದ. ರಾಜಿ ಮಾಡಿಸಲು ಬಂದಿದ್ದಾನೆ ಎಂದುಕೊಂಡು ನಾನು ಮುಖ ಬಿಗಿದುಕೊಂಡೇ ಕೂತೆ. ಅವನು ಚಹಾ ಕುಡಿದು, ಬಹಳ ಹೊತ್ತು ನಮ್ಮ ಎಮ್ಮೆಯ ಹಾಲಿನ ಬಗ್ಗೆ ಮಾತಾಡಿ, ಏಳುವಾಗ ಒಂದು ಮಾತು ಹೇಳಿದ.

“ನಾ ಯಾವಾಗ ಸತ್ತರೂ ನನಗ ಅಡ್ಡಿ ಇಲ್ರಿ ಮಾಸ್ತರ. ಮೊದಲ ಸತ್ತರೂ ನಡೀತೈತಿ. ನಾ ಸತ್ತ ಮ್ಯಾಲ ನನ್ನ ಮಂದಿ ಏನ್ ಮಾಡ್ತಾರ ಅನ್ನೂದನ್ನ ಬಟ್ಟಿ ಒಳಗ ಮಲಗಿ ಕೇಳಬೇಕಾಗೇತಿ.”

ಮೊದಲ ಸತ್ತರೂ ನಡೀತೈತಿ. ಆ ಮಾತು ಹಿಡಿದುಕೊಂಡು ನಾನು ಅವನ ಹಿಂದೆಯೇ ಬೈಕು ಹತ್ತಿದೆ. ಗೋದಾಮಿನಲ್ಲಿ ಸಾಹುಕಾರರು ಒಬ್ಬರೇ ಕೂತಿದ್ದರು. ನಿಮ್ಮ ಮಾತಿಗೆ ಒಪ್ಪಿದೆ, ಆಚೆಯ ರಾಜನನ್ನು ಕೊಲ್ಲೋಣ, ಆದರೆ ಆಟದ ಕೊನೆಗಲ್ಲ, ಮೊದಲಿಗೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

“ಮೊದಲ ಅರ್ಧ ತಾಸಿನಾಗ ಕೊಂದಬಿಡೋಣ್ರಿ. ಆಮ್ಯಾಲ ಯುದ್ಧ ನೀವ ಮುಗಸ್ರಿ, ನಿಮ್ಮ ಮಾತಿನಾಗ, ನಿಮಗ ತಿಳಧಂಗ. ಮುಗೀತು ಅನ್ನೂ ಕ್ಷಣ ನಾ ಮಂಗಳ ಹಾಡ್ತೇನಿ. ಎರಡೂವರಿ ತಾಸಲ್ಲ, ಒಂದ ತಾಸಿಗೆ ಮುಗದ್ರೂ ಹಾಡ್ತೇನಿ.”

ವ್ಯಾಪಾರಸ್ಥರು ಪಂಥಕ್ಕೆ ಹಿಂಜರಿಯುವವರಲ್ಲ. ಸಾಹುಕಾರರು ನನ್ನ ಮುಖವನ್ನು ನೋಡಿ, ಆಗಲಿ ಎಂದರು.

ಅಲ್ಲಿಂದ ಕತ್ತರಿ ಕೆಲಸ ಶುರು. ಅರ್ಧ ತಾಸಿನಲ್ಲಿ ಇಬ್ಬರು ರಾಜರು ಬಂದು, ಯುದ್ಧ ಹತ್ತಿ, ಗೂಢಚಾರ ಹೋಗಿ ಕೊಂದು ಬರಬೇಕು. ಹೆಸರು ಬಿರುದು ಹೇಳಿಕೊಳ್ಳುವ ಪ್ರವೇಶದ ಕುಣಿತವೇ ನಮ್ಮಲ್ಲಿ ಒಬ್ಬೊಬ್ಬರಿಗೆ ಅರ್ಧ ತಾಸು ಹಿಡಿಯುತ್ತದೆ. ಅದನ್ನು ಎರಡು ಸುತ್ತಿಗೆ ಇಳಿಸಿದೆ. ಭುಜಕೀರ್ತಿ ಕಟ್ಟಿಕೊಂಡು ನಿಂತವನಿಗೆ ಕುಣಿಯಬೇಡ ಎಂದರೆ ಮದುವೆಗೆ ಕರೆದು ಊಟ ಹಾಕದೆ ಕಳಿಸಿದಂತೆ. ಎಲ್ಲರೂ ಗೊಣಗಿದರು. ಆಚೆಯ ರಾಜನ ತಮ್ಮನ ಪಾತ್ರದವನು ಗೆಜ್ಜೆ ಬಿಚ್ಚಿ ಎಸೆದು ಮರುದಿನ ತಾನೇ ಹೆಕ್ಕಿಕೊಂಡು ಕಟ್ಟಿಕೊಂಡ. ಮುಂದಿನ ಭಾಗಕ್ಕೆ ನಾನು ವಚನ ಬರೆದುಕೊಡಲಿಲ್ಲ. ಆಚೆ ದಡದ ಪಾತ್ರಧಾರಿಗಳಿಗೆ ಹೇಳಿದ್ದು ಇಷ್ಟೇ: ನಿಮ್ಮ ರಾಜ ಸತ್ತಿದ್ದಾನೆ, ನಿಮ್ಮ ಪಾತ್ರ ಏನು ಮಾಡೀತೋ ಅದನ್ನು ಮಾಡಿ. ಸಾಹುಕಾರರನ್ನು ಬೇಕೆಂದು ಗೆಲ್ಲಿಸಕೂಡದು, ಬೇಕೆಂದು ಸೋಲಿಸಲೂ ಕೂಡದು.

ಮೊದಲ ಸಂಜೆ ಸಾಹುಕಾರರು ಹೆಣದ ಮೇಲೆ ಬಟ್ಟೆ ಬಿದ್ದ ಕೂಡಲೇ ಗೆದ್ದೆನೆಂದು ಸಾರಿ ಸಿಂಹಾಸನವೇರಿ ಕೂತರು. ಗೆದ್ದಿರೆಂಬುದು ಆ ಕಡೆಯವರಿಗೆ ಗೊತ್ತೇ ಎಂದು ಸಾರಥಿ ಕೇಳಿದ. ಅಷ್ಟರಲ್ಲಿ ಸತ್ತ ರಾಜನ ತಮ್ಮ ತೆರೆಯ ಹಿಂದೆ ಗೆಜ್ಜೆ ಬಡಿಯುತ್ತಿದ್ದ, ಅಣ್ಣನ ಸೇಡಿಗೆ. ಎರಡನೆಯ ಸಂಜೆ ಅವರು ದೋಣಿಗಟ್ಟದಲ್ಲಿ ಅರ್ಧ ಬಿಟ್ಟುಕೊಡುತ್ತೇನೆ ಎಂದರು. ಆಚೆಯ ಸೇನಾಪತಿ ಒಪ್ಪಿಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟ. ತಮ್ಮ ಅವನನ್ನು ಅಣ್ಣನ ನೆತ್ತರು ಮಾರಿಕೊಂಡವನೆಂದು ಜರೆದ. ಸೇನಾಪತಿ ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದ. ಬದುಕಿದ್ದಾಗ ಆಚೆಯ ರಾಜ ಅರ್ಧಕ್ಕೆ ಒಪ್ಪಿದ್ದರೆ ಅವನನ್ನು ಯಾರೂ ಹಾಗೆ ಜರೆಯುತ್ತಿರಲಿಲ್ಲ. ತಮ್ಮ, ಸೇನಾಪತಿ ಇಬ್ಬರಿಗೂ ಅಷ್ಟು ಬಲವಿರಲಿಲ್ಲ.

ಹಾಗಾದರೆ ತಮ್ಮನನ್ನೂ ಕೊಲ್ಲುತ್ತೇನೆ ಎಂದರು ಸಾಹುಕಾರರು. ಎಲೆಅಡಿಕೆಯವನು ಮತ್ತೆ ಹೋದ. ತಮ್ಮ ಸತ್ತ. ಸೇನಾಪತಿ ಕಿರೀಟ ಹಾಕಿಕೊಂಡ, ಅವನನ್ನೂ ಕೊಲ್ಲಿಸಿದರು. ಗೋದಾಮಿನ ಅಂಚಿನಲ್ಲಿ ಹೊದಿಕೆ ಹೊದ್ದ ಹೆಣಗಳು ಸಾಲಾಗಿ, ಕುಣಿಯಲು ಜಾಗವಿಲ್ಲದೆ ಸಾರಥಿ ಒಂದರ ಕಾಲು ತುಳಿದ. ಹೆಣ ಬೈಯಿತು. ಎಲ್ಲರೂ ಬಿದ್ದುಬಿದ್ದು ನಕ್ಕೆವು.

ನಗು ನಿಲ್ಲುವ ಮೊದಲೇ ತೆರೆಯ ಹಿಂದೆ ಮತ್ತೆ ಗೆಜ್ಜೆಯ ಸದ್ದಾಯಿತು. ತೆರೆ ಸರಿದರೆ ಆಚೆ ದಡದ ಸಾದಾ ಸೈನಿಕರ ವೇಷದವರು ನಾಲ್ಕಾರು ಜನ ನಿಂತಿದ್ದರು. ಸಾರಥಿ ರೂಢಿಯಂತೆ ತಾವು ಯಾರು ಎಂದು ಕೇಳಿದ. ಅವರಿಗೆ ಹೇಳಲು ಹೆಸರಿರಲಿಲ್ಲ, ನಾನು ಇಟ್ಟೂ ಇರಲಿಲ್ಲ. ಅವರಲ್ಲಿ ಒಬ್ಬ, ದಿನವೆಲ್ಲ ಟ್ರ್ಯಾಕ್ಟರ್ ಹೊಡೆಯುವ ಹುಂಬ ಮನುಷ್ಯ, ತನಗೆ ತೋಚಿದ್ದನ್ನು ಹೇಳಿದ.

“ಹೆಸರ ತಗೊಂಡ ಏನ್ ಮಾಡ್ತೀ? ನಮ್ಮಾಗ ಹೆಸರ ಇದ್ದಾವ್ರನ್ನೆಲ್ಲ ಕೊಂದೀರಿ.”

ಮದ್ದಳೆಯವನ ಕೈ ನಿಂತಿತು. ಇಷ್ಟು ವರ್ಷ ಆಟ ಕಲಿಸಿದ್ದೇನೆ, ಹೆಸರು ಹೇಳದ ಪಾತ್ರ ನಮ್ಮ ರಂಗಕ್ಕೆ ಬಂದದ್ದೇ ಇಲ್ಲ. ಸಾಹುಕಾರರು ಕತ್ತಿ ಹಿಡಿದು ಬಹಳ ಹೊತ್ತು ನಿಂತರು. ಯಾರನ್ನು ಕೊಲ್ಲಿಸಬೇಕು, ಯಾರ ಹತ್ತಿರ ರಾಜಿ ಕೇಳಬೇಕು, ಎರಡೂ ಅವರಿಗೆ ತೋಚಲಿಲ್ಲ. ಕೊನೆಗೆ ಇವತ್ತಿಗೆ ಸಾಕು ಎಂದು ಮನೆಗೆ ಹೊರಟುಹೋದರು. ನಾನು ಗೆದ್ದಿದ್ದೆ, ಖುಷಿಯೇನೂ ಆಗಲಿಲ್ಲ. ಮಗನಿಗಾಗಿ ಕಾಯುತ್ತಿದ್ದ ತಂದೆಗೆ, ಅವನು ಬೇಗ ಬರಲಾರ ಎಂದು ಸಂಜೆ ಸಂಜೆ ತೋರಿಸಿ ಕೊಡುತ್ತಿದ್ದೆ ನಾನು.

ಸಾಹುಕಾರರ ಹೆಂಡತಿ ಮಾರನೇ ದಿನ ಗೋದಾಮಿನ ಬಾಗಿಲಿಗೆ ಬಂದರು. ಒಳಗೆ ಕಾಲಿಡದೆ ಹೊಸ್ತಿಲಾಚೆ ನಿಂತು ನನ್ನನ್ನೇ ನೋಡುತ್ತ, “ದಿನಾ ಸಂಜಿಕೆ ಇಲ್ಲಿ ಮಂದೀನ ಕೊಲ್ಲಾಕತ್ತೀರಿ. ನನ್ನ ಮಗ ಅಲ್ಲಿ ಅದಾನ. ಬ್ಯಾಡ್ರಿ ಇದು,” ಎಂದರು. ಆಟ ಬಿಡುತ್ತೇನೆ ಎನ್ನಲು ಬಾಯಿ ತೆರೆದೆ. ನನಗಿಂತ ಮೊದಲು ಸಾಹುಕಾರರು, ಹಾವೇರಿಯ ಆಟ ಆಗಿಯೇ ಆಗುತ್ತದೆ ಎಂದು ಹೇಳಿ ಆಕೆಯನ್ನು ಮನೆಗೆ ಕರೆದುಕೊಂಡು ಹೋದರು.

ಹಾವೇರಿಯ ಸಭಾಂಗಣ ಆ ಸಂಜೆ ತುಂಬಿತ್ತು. ಗಡಿಯ ಸುದ್ದಿ ಇನ್ನೂ ಬಿಸಿಯಾಗಿಯೇ ಇತ್ತು. ಸಾಹುಕಾರರ ಮಗನ ಫೋನು ಹತ್ತಿರಲಿಲ್ಲ. ಗೋದಾಮಿನಲ್ಲಿ ಸಾಹುಕಾರರಿಗೆ ಬೇರೆ ದಾರಿ ತೋಚದ್ದರಿಂದ ನಾನು ಮೊದಲು ಬರೆದ ಕೊನೆಯೇ ಉಳಿದಿತ್ತು, ಅವರು ಕತ್ತಿ ಬಿಟ್ಟು ಬರಿಗೈಲಿ ಹೊಳೆ ದಾಟಬೇಕಿತ್ತು. ಬಣ್ಣ ಹಚ್ಚಿಸಿಕೊಳ್ಳುವಾಗ ದಾಟುತ್ತೀರಲ್ಲ ಎಂದು ಕೇಳಿದರೆ, ನೋಡೋಣ ಎಂದರು, ಅಷ್ಟೇ.

ಅರ್ಧ ತಾಸಿಗೆ ಸರಿಯಾಗಿ ಗೂಢಚಾರ ಡೇರೆ ಹೊಕ್ಕು ಹೊಳೆಯಾಚೆಯ ರಾಜನನ್ನು ಕೊಂದ. ಸಭಾಂಗಣದಲ್ಲಿ ಸಿಳ್ಳೆಯೋ ಸಿಳ್ಳೆ. ಮುಂದಿನ ಸಾಲಿನವರು ಎದ್ದು ನಿಂತು ಘೋಷಣೆ ಕೂಗಿದರು. ಆಟ ಮುಗಿಯಿತೆಂದುಕೊಂಡು ವ್ಯವಸ್ಥಾಪಕರೊಬ್ಬರು ಹಾರ ಹಿಡಿದು ಪಕ್ಕದಲ್ಲಿ ಬಂದು ನಿಂತು, ಮಂಗಳ ಹಾಡಿ ಎಂದು ನನಗೆ ಕೈಸನ್ನೆ ಮಾಡಿದರು. ಇಡೀ ಸಭಾಂಗಣ ಎದ್ದು ನಿಂತಾಗ ತಾಳ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುವುದು ಸುಲಭವಲ್ಲ. ನಾನು ಕೂತೆ. ಹಾರ ಹಿಡಿದವರು ಸ್ವಲ್ಪ ಹೊತ್ತು ನೋಡಿ ಹಿಂದೆ ಸರಿದರು.

ಮುಂದೆ ಗೋದಾಮಿನಲ್ಲಿ ಆದದ್ದೇ ಆಯಿತು. ತಮ್ಮ ಬಂದ, ಸೇನಾಪತಿ ಬಂದ, ಇಬ್ಬರೂ ಸತ್ತರು. ಒಂದೊಂದು ಸಾವಿಗೂ ಸಿಳ್ಳೆ ಕಡಿಮೆಯಾಗುತ್ತ ಹೋಯಿತು. ಹೆಸರಿಲ್ಲದ ಸೈನಿಕರು ಬಂದು ನಿಂತಾಗ ಒಂದು ಸಿಳ್ಳೆಯೂ ಬರಲಿಲ್ಲ.

ಇಲ್ಲಿ ಸಾಹುಕಾರರು ಹೊಳೆ ದಾಟಬೇಕು. ಅವರು ಕತ್ತಿಯನ್ನೇನೋ ಕೆಳಗಿಟ್ಟರು. ಆದರೆ ಸೈನಿಕರ ಕಡೆ ಹೋಗದೆ ರಂಗದ ಅಂಚಿಗೆ, ಹೆಣಗಳ ಸಾಲಿಗೆ ಹೋದರು. ಮರದ ಕಿರೀಟ, ಭುಜಕೀರ್ತಿ ಕಟ್ಟಿಕೊಂಡವರು ಸಾಯುವ ತನಕ ನೆಲಕ್ಕೆ ಕೂರುವುದಿಲ್ಲ, ಕೂತರೆ ಇನ್ನೊಬ್ಬರ ಕೈ ಹಿಡಿಯದೆ ಏಳಲಾಗುವುದಿಲ್ಲ. ಅವರು ಮಂಡಿಯೂರಿ ಕೂತು, ಹೊಳೆಯಾಚೆಯ ರಾಜನ ಮೇಲಿನ ಬಟ್ಟೆ ಸರಿಸಿದರು.

“ಎಲೈ ರಾಜನೇ, ಏಳುವಂಥವನಾಗು,” ಎಂದು ರಂಗದ ಮಾತಿನಲ್ಲೇ ಶುರು ಮಾಡಿದರು. ಮುಂದೆ ಆ ಮಾತು ಅವರ ಕೈಗೆ ಸಿಗಲಿಲ್ಲ. “ಏಳೋ. ನನ್ನ ಮಾತಿಗೆ ಉತ್ತರ ಕೊಡಾವ ಆ ದಂಡ್ಯಾಗ ನೀ ಒಬ್ಬಾವ ಇದ್ದಿ. ನಿನ್ನ ಮ್ಯಾಲ ನನ್ನ ಸಿಟ್ಟು ಹೋಗಿಲ್ಲ. ಆದ್ರೂ ಏಳು. ಸಾಕು ಅಂತ ನಾ ಅಂತೇನಿ, ನೀನೂ ಅನ್ನು. ನನ್ನ ಮಗ ಇನ್ನೂ ಅಲ್ಲೇ ಅದಾನ.”

ಏಳಲೇ ಎಂದು ಒಂದು ಕ್ಷಣ ಅನ್ನಿಸಿತ್ತು ಎಂದು ಆ ಪಾತ್ರಧಾರಿ ಆಮೇಲೆ ನನಗೆ ಹೇಳಿದ. ಆದರೂ ಅವನು ಏಳಲಿಲ್ಲ, ಕಣ್ಣೂ ತೆರೆಯಲಿಲ್ಲ. ಸತ್ತವನು ಹಾಗೆಯೇ ಮಲಗಿದ್ದ, ಕೊಲ್ಲಿಸಿದವರು ಹಾಗೆಯೇ ಕೂತಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ತಾಳ ಎತ್ತಲಿಲ್ಲ. ಮಂಗಳ ಹಾಡಿದರೆ ಅವನು ಎದ್ದು ಬಂದು ಇವರ ಪಕ್ಕದಲ್ಲಿ ನಿಲ್ಲಬೇಕಾಗುತ್ತಿತ್ತು, ಸಭಾಂಗಣದವರೆಲ್ಲ ನಿರಾಳವಾಗಿ ಮನೆಗೆ ಹೋಗುತ್ತಿದ್ದರು. ಯುದ್ಧ ಮುಗಿದಿರಲಿಲ್ಲ, ನಾನು ಹಾಡಲಿಲ್ಲ. ತೆರೆ ಹಿಡಿಯುವವರು ತಾವಾಗಿಯೇ ತೆರೆ ಅಡ್ಡ ತಂದರು.

ಒಳಗೆ ಯಾರಿಗೂ ಕಿರೀಟ ಕಳಚುವ ಧೈರ್ಯವಿಲ್ಲ. ಮಂಗಳವಾಗಿಲ್ಲವಲ್ಲ. ಸಾಹುಕಾರರೇ ಮೊದಲು ತಮ್ಮದನ್ನು ಬಿಚ್ಚಿ ನನ್ನ ಮುಂದೆ ಇಟ್ಟು ಗಾಡಿ ಹತ್ತಿದರು. ಮೇಳದ ಹಿರಿಯರು ನನ್ನನ್ನು ಹಿಡಿದು ಬೈದರು. ಹುಡುಗ ಗಡಿಯಲ್ಲಿರುವಾಗ ಅಪ್ಪನ ಆಟಕ್ಕೆ ಮಂಗಳ ತಪ್ಪಿಸಿದೆ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದರು. ವಾಟ್ಸಾಪಿನಲ್ಲಿ ಯಾರೋ ನನ್ನ ಫೋಟೋ ಹಾಕಿ, ಶತ್ರುವಿಗಾಗಿ ಕಣ್ಣೀರು ಹಾಕಿಸಿದ ಮಾಸ್ತರ ಎಂದು ಬರೆದರು. ಬರೆದುಕೊಳ್ಳಲಿ. ಆಟ ಮೊದಲಿನಿಂದ ಕೊನೆಯ ತನಕ ಕೂತು ನೋಡಿದ ಒಬ್ಬನಾದರೂ ಹಾಗೆ ಬರೆದಿದ್ದರೆ ಅವನಿಗೆ ಉತ್ತರ ಕೊಡುತ್ತಿದ್ದೆ. ಹಿರಿಯರ ಮಾತು ಮಾತ್ರ ನನ್ನನ್ನು ಕೊರೆಯಿತು. ಆ ದಿನಗಳಲ್ಲಿ ಮನೆಯ ಫೋನು ಸದ್ದಾದಾಗಲೆಲ್ಲ ಮೋಟೆಬೆನ್ನೂರಿನ ಸುದ್ದಿಯೇ ಎಂದು ಓಡಿ ಹೋಗಿ ಎತ್ತುತ್ತಿದ್ದೆ.

ಗಡಿಯಲ್ಲಿ ಗುಂಡು ನಿಂತದ್ದು ಅದಾದ ಕೆಲವು ದಿನಕ್ಕೆ. ಈ ಕಡೆಯ ಅಧಿಕಾರಿಯೊಬ್ಬರೂ ಆ ಕಡೆಯ ಅಧಿಕಾರಿಯೊಬ್ಬರೂ ಫೋನಿನಲ್ಲಿ ಮಾತಾಡಿಕೊಂಡರು ಎಂದು ಟಿವಿಯಲ್ಲಿ ಹೇಳಿದರು. ಮರುದಿನ ಸಾಹುಕಾರರ ಗಾಡಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಮಗ ಮಾತಾಡಿದ್ದ, ರಜೆ ಸಿಕ್ಕರೆ ಬರುತ್ತೇನೆ ಎಂದಿದ್ದ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ತುಂಬಿತು, ನನ್ನದೂ.

“ಆ ಕಡೆ ಫೋನ್ ಎತ್ತಾವ ಒಬ್ಬಾವ ಇದ್ದ ನೋಡ್ರಿ ಮಾಸ್ತರ,” ಎಂದರು. “ಯುದ್ಧ ಹಚ್ಚಿದಾವನ್ನ ಕೊಲ್ಲಬೇಕು ಅಂತ ನನಗ ಈಗೂ ಅನಸ್ತೈತಿ,” ಎಂದೂ ಸೇರಿಸಿದರು. ಅನ್ನಿಸಲಿ ಎಂದೆ. ಅನ್ನಿಸುವುದಕ್ಕೆ ನನ್ನ ತಕರಾರಿರಲಿಲ್ಲ.

ಚಹಾ ಕುಡಿಯುತ್ತಿದ್ದಾಗ ಅವರಿಗೊಂದು ಫೋನು ಬಂತು. ರಾಣೆಬೆನ್ನೂರಿನ ಯಾವುದೋ ಸಮಿತಿಯವರು. ಹಾವೇರಿಯಲ್ಲಿ ಆಡಿದ ಆಟವನ್ನು ಅಲ್ಲಿಯೂ ಆಡಬೇಕಂತೆ. ಆದರೆ ಜನಕ್ಕೆ ಉಮೇದು ಬರುವಂತೆ ಶತ್ರುರಾಜನನ್ನು ಕೊಲ್ಲುವಲ್ಲಿಗೇ ಮುಗಿಸಿ, ಮಂಗಳ ಹಾಡಿಬಿಡಬೇಕಂತೆ. ಫೋನಿನ ಸ್ಪೀಕರ್ ಹಚ್ಚಿತ್ತು, ನನಗೆ ಎಲ್ಲ ಕೇಳಿಸುತ್ತಿತ್ತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಸಾಹುಕಾರರು ಸುಮ್ಮನಿರಿ ಎಂದು ನನಗೆ ಕೈ ತೋರಿಸಿ, ಚಹಾದ ಕಪ್ಪು ಕೆಳಗಿಟ್ಟು, ಅಂಗಡಿಯಲ್ಲಿ ದರ ಹೇಳುವ ದನಿಯಲ್ಲೇ ಹೇಳಿದರು.

“ಕೊಲ್ಲೂದು ಮೊದಲ ಅರ್ಧ ತಾಸಿನಾಗ ಮುಗೀತೈತ್ರಿ. ಅದಷ್ಟ ನೋಡೂದಿದ್ರ ಟಿವಿ ಹಚ್ಚಿಕೊಂಡ ಕುಂದರ್ರಿ. ಯುದ್ಧ ನೋಡೂದಿದ್ರ ನಮ್ಮನ್ನ ಕರೀರಿ.”